ಮಡ್ಡಿಯ ಮರ, ಗುಗ್ಗುಳದ ಗುಳಿಗೆ: ಧೂಪದ ಅಂಟಿನ ಮದ್ದು ಮತ್ತು ಎಚ್ಚರ

(ಸಂಡೂರಿನಲ್ಲಿ ನಡೆದ ಔಷಧಿ ಸಸ್ಯ ಪರಿಚಯ ಶಿಬಿರದ ಸಮಾರೋಪದಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂದು ಬೆಳಗ್ಗೆ ನಾವೆಲ್ಲರೂ ಗುಡ್ಡದ ಇಳಿಜಾರಿನಲ್ಲಿ ನಡೆಯುತ್ತಿದ್ದಾಗ ಎಲೆಯುದುರಿಸಿ ನಿಂತಿದ್ದ ಒಂದು ಮರದ ಬಳಿ ಸ್ವಲ್ಪ ಹೊತ್ತು ನಿಂತೆವು. ಬೂದಿ ಮತ್ತು ಹಸಿರು ಬೆರೆತ ಬಣ್ಣದ ತೊಗಟೆ, ಕಾಗದದ ಹಾಳೆಯಂತೆ ತೆಳುವಾಗಿ ಸುಲಿದು ಗಾಳಿಗೆ ಅಲುಗುತ್ತಿತ್ತು. ಕಾಂಡದ ಹಳೆಯ ಗಾಯವೊಂದರಿಂದ ಒಸರಿದ ಅಂಟು ಗಟ್ಟಿಯಾಗಿ ಜೇನಿನ ಬಣ್ಣಕ್ಕೆ ತಿರುಗಿತ್ತು. ಒಬ್ಬ ವಿದ್ಯಾರ್ಥಿ ಅದನ್ನು ಮೂಸಿ ನೋಡಿ, "ಸರ್, ಇದು ಗುಗ್ಗುಳವೇ? ನಮ್ಮ ಮನೆಯಲ್ಲಿ ಅಜ್ಜಿ ಮೊಣಕಾಲು ನೋವಿಗೆ ಇದನ್ನೇ ತಿನ್ನುತ್ತಾರೆ" ಎಂದು ಕೇಳಿದ. ನಮ್ಮ ಜೊತೆಯಲ್ಲಿದ್ದ ಹಿರಿಯರೊಬ್ಬರು "ಗುಗ್ಗುಳ ಅಲ್ಲಪ್ಪ, ಇದು ಮಡ್ಡಿ" ಎಂದರು. ಮತ್ತೊಬ್ಬರು "ಎರಡೂ ಒಂದೇ" ಎಂದರು. ಆ ಪ್ರಶ್ನೆಗೆ ಅಲ್ಲಿಯೇ ನಿಂತು ಉತ್ತರಿಸಲು ಸಮಯವಿರಲಿಲ್ಲ. ಈಗ ನನಗೆ ಕೊಟ್ಟಿರುವ ಸಮಯವನ್ನು ಪೂರ್ಣವಾಗಿ ಆ ಒಂದೇ ಪ್ರಶ್ನೆಗೆ ಮೀಸಲಿಡುತ್ತೇನೆ. ಏಕೆಂದರೆ ಆ ಪ್ರಶ್ನೆಯಲ್ಲಿ ಅಜ್ಜಿಯ ಆರೋಗ್ಯವೂ ಇದೆ, ಆ ಮರದ ಆಯುಷ್ಯವೂ ಇದೆ.

ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳೋಣ. ಗ್ರಂಧಿಗೆ ಅಂಗಡಿಗೆ ಹೋಗಿ "ಧೂಪ ಕೊಡಿ" ಎಂದರೆ ಅಂಗಡಿಯವರು ಕೊಡಬಹುದಾದ ವಸ್ತುಗಳು ಕನಿಷ್ಠ ಐದು. ಮೊದಲನೆಯದು ನಾವು ಬೆಳಗ್ಗೆ ನೋಡಿದ ಮರದ ಅಂಟು. ಸಂಸ್ಕೃತದಲ್ಲಿ ಶಲ್ಲಕಿ, ಹಿಂದಿಯಲ್ಲಿ ಸಲಾಯಿ, ನಮ್ಮಲ್ಲಿ ಮಡ್ಡಿ ಅಥವಾ ಧೂಪದ ಮರ. ಸಸ್ಯಶಾಸ್ತ್ರದ ಹೆಸರು ಬಾಸ್ವೆಲಿಯಾ ಸೆರೇಟಾ. ದಖನ್ನಿನ ಒಣ ಗುಡ್ಡಗಳಲ್ಲಿ, ಮಣ್ಣು ತೆಳುವಾಗಿ ಕಲ್ಲು ಹೆಚ್ಚಾಗಿರುವಲ್ಲಿಯೂ ನಿಲ್ಲಬಲ್ಲ ಮರವಿದು. ಎರಡನೆಯದು ನಿಜವಾದ ಗುಗ್ಗುಳ, ಕಾಮಿಫೋರಾ ವೈಟಿಯೈ. ಇದು ಮರವೆನ್ನುವುದಕ್ಕಿಂತ ಮುಳ್ಳಿನ ಪೊದೆ. ಇದರ ಮುಖ್ಯ ನೆಲೆ ರಾಜಸ್ಥಾನ ಮತ್ತು ಗುಜರಾತಿನ ಒಣ ಭೂಮಿ. ಕರ್ನಾಟಕದ ಒಣ ಕಲ್ಲುನೆಲದಲ್ಲಿಯೂ ಇದೆಯೆಂದು ಸಸ್ಯ ಗ್ರಂಥಗಳು ಹೇಳುತ್ತವೆ. ಮೂರನೆಯದು ಸಾಂಬ್ರಾಣಿ ಅಥವಾ ಲೋಬಾನ. ಇದು ಆಗ್ನೇಯ ಏಷ್ಯಾದ, ಮುಖ್ಯವಾಗಿ ಸುಮಾತ್ರಾ ಕಡೆಯ ಸ್ಟೈರ್ಯಾಕ್ಸ್ ಮರಗಳಿಂದ ಬರುವ ರಾಳ. ಅನೇಕ ಶತಮಾನಗಳಿಂದ ಹಡಗಿನಲ್ಲಿ ನಮ್ಮ ಕರಾವಳಿಗೆ ಬಂದಿಳಿಯುತ್ತಿರುವ ಸರಕು. ನಾಲ್ಕನೆಯದು ಹಾಲುಮಡ್ಡಿ, ಪಶ್ಚಿಮ ಘಟ್ಟದ ಐಲಾಂತಸ್ ಮರದ ಅಂಟು, ಊದುಬತ್ತಿಯವರಿಗೆ ಪ್ರಿಯವಾದದ್ದು. ಐದನೆಯದು ರಾಳ. ಈ ಹೆಸರಿನಲ್ಲಿ ಸಾಲುಧೂಪದ ಮರದಿಂದ ಪೈನ್ ಮರದವರೆಗೆ ಯಾವುದರ ರಾಳವಾದರೂ ಬರಬಹುದು.

ಇಷ್ಟು ಸಾಲದೆಂಬಂತೆ 'ಮಡ್ಡಿ' ಎಂಬ ಹೆಸರನ್ನು ಕೆಲವೆಡೆ ಅಂಟಿಗೆ ಸಂಬಂಧವೇ ಇಲ್ಲದ, ಬೇರಿನಿಂದ ಬಣ್ಣ ತೆಗೆಯುವ ಬೇರೊಂದು ಮರಕ್ಕೂ ಕರೆಯುತ್ತಾರೆ. ಬಂಡೆಗುಡ್ಡಗಳಲ್ಲಿ ಬೆಳೆಯುವ, ಎಲೆ ಹಿಚುಕಿದರೆ ಮಾವಿನ ವಾಸನೆ ಬರುವ ಕೊಂಡಮಾವು ಗುಗ್ಗುಳದ ದಾಯಾದಿಯೇ ಹೊರತು ಗುಗ್ಗುಳವಲ್ಲ. ಗುಗ್ಗುಳಕ್ಕೆ ಬೆಲೆ ಹೆಚ್ಚು, ದೊರೆಯುವುದು ಕಡಿಮೆ. ಆದ್ದರಿಂದ ಮಡ್ಡಿಯ ಅಂಟನ್ನೂ ಅದರ ದಾಯಾದಿಗಳ ಅಂಟನ್ನೂ ಗುಗ್ಗುಳದೊಂದಿಗೆ ಬೆರೆಸಿ ಮಾರುವುದು ಹಳೆಯ ರೂಢಿ. ಪೂಜೆಯ ಧೂಪಕ್ಕೆ ಈ ಬೆರಕೆಯಿಂದ ದೊಡ್ಡ ನಷ್ಟವಿಲ್ಲ. ಹೊಟ್ಟೆಗೆ ತೆಗೆದುಕೊಳ್ಳುವಾಗ ಮಾತ್ರ ಹೆಸರೇ ಮೊದಲ ಮದ್ದು. ಯಾವ ಮರದ್ದೆಂದು ತಿಳಿಯದ ಅಂಟಿನ ಗುಣವನ್ನಾಗಲಿ ದೋಷವನ್ನಾಗಲಿ ಯಾವ ವೈದ್ಯರೂ ಹೇಳಲಾರರು.

ಇನ್ನು ಮರವು ಈ ಅಂಟನ್ನು ಏಕೆ ಸುರಿಸುತ್ತದೆ? ನಮ್ಮ ಮದ್ದಿಗಾಗಿ ಖಂಡಿತ ಅಲ್ಲ. ತೊಗಟೆಗೆ ಗಾಯವಾದಾಗ ಹುಳು, ಶಿಲೀಂಧ್ರಗಳು ಒಳಗೆ ನುಗ್ಗದಂತೆ ಗಾಯವನ್ನು ಮುಚ್ಚಲು ಮರವೇ ತಯಾರಿಸಿಕೊಳ್ಳುವ ಲೇಪವಿದು. ಇದರಲ್ಲಿ ಮೂರು ಅಂಶಗಳಿವೆ: ನೀರಿನಲ್ಲಿ ಕರಗುವ ಅಂಟು, ನೀರಿನಲ್ಲಿ ಕರಗದೆ ಮದ್ಯಸಾರದಲ್ಲಿ ಕರಗುವ ರಾಳ, ಮತ್ತು ಗಾಳಿಗೆ ಹಾರುವ ಸುಗಂಧ ತೈಲ. ನಮ್ಮ ಮೂಗಿಗೆ ಬರುವ ಪರಿಮಳ ತೈಲದ್ದು. ಕೆಂಡದ ಮೇಲೆ ಹೊಗೆಯಾಗುವುದು ಮುಖ್ಯವಾಗಿ ರಾಳ. ಔಷಧಿಯ ಗುಣವೆಂದು ವಿಜ್ಞಾನಿಗಳು ಗುರುತಿಸಿರುವುದರ ಬಹುಪಾಲು ಇರುವುದೂ ರಾಳದಲ್ಲಿಯೇ. ಒಂದು ಮಾತನ್ನು ವಿದ್ಯಾರ್ಥಿಗಳು ಗುರುತು ಹಾಕಿಕೊಳ್ಳಬೇಕು: ನಾವು ಮದ್ದೆಂದು ಕೆರೆದುಕೊಳ್ಳುತ್ತಿರುವುದು ಮರದ ಗಾಯಕ್ಕೆ ಮರವೇ ಹಚ್ಚಿಕೊಂಡ ಮದ್ದನ್ನು.

ಆಯುರ್ವೇದವು ಶಲ್ಲಕಿ ಮತ್ತು ಗುಗ್ಗುಳು ಎರಡನ್ನೂ ಬಲ್ಲದು, ಎರಡನ್ನೂ ಬೇರೆಬೇರೆಯಾಗಿಯೇ ಬಲ್ಲದು. ಗುಗ್ಗುಳುವಿನಲ್ಲಿ ಮಹಿಷಾಕ್ಷ, ಮಹಾನೀಲ, ಕುಮುದ, ಪದ್ಮ, ಹಿರಣ್ಯ ಎಂದು ಐದು ಬಗೆಗಳನ್ನು ಎಣಿಸಲಾಗಿದೆ. ಹೊಸ ಗುಗ್ಗುಳು ಮೈ ತುಂಬಿಸುತ್ತದೆ, ಹಳೆಯದು ಮೈ ಕರಗಿಸುತ್ತದೆ ಎಂಬ ಸೂಕ್ಷ್ಮವೂ ಅಲ್ಲಿದೆ. ಎಲ್ಲಕ್ಕಿಂತ ಮುಖ್ಯವಾದದ್ದು ಶೋಧನ. ಕಚ್ಚಾ ಗುಗ್ಗುಳವನ್ನು ಹಾಗೆಯೇ ರೋಗಿಗೆ ಕೊಡುವಂತಿಲ್ಲ. ಕಸಕಡ್ಡಿ ತೆಗೆದು, ತ್ರಿಫಲಾ ಕಷಾಯ, ಹಾಲು ಮುಂತಾದ ದ್ರವಗಳಲ್ಲಿ ಬೇಯಿಸಿ, ಸೋಸಿ, ಒಣಗಿಸಿದ ಮೇಲೆಯೇ ಅದು ಮದ್ದಾಗುತ್ತದೆ. ಕಚ್ಚಾ ಗುಗ್ಗುಳ ಹೊಟ್ಟೆ ಕೆಡಿಸುತ್ತದೆ, ಮೈಮೇಲೆ ದದ್ದು ಎಬ್ಬಿಸುತ್ತದೆ ಎಂಬುದು ಆ ಹಿರಿಯರಿಗೆ ಅನುಭವದಿಂದ ತಿಳಿದಿತ್ತು. "ಗಿಡಮೂಲಿಕೆಗೆ ಅಡ್ಡಪರಿಣಾಮವಿಲ್ಲ" ಎಂಬುದು ಇಂದಿನ ಜಾಹೀರಾತಿನ ಮಾತು. ನಮ್ಮ ಪ್ರಾಚೀನ ವೈದ್ಯರು ಅಂತಹ ಮಾತನ್ನು ಆಡಿದವರಲ್ಲ. ಆಡಿದ್ದರೆ ಶೋಧನವೆಂಬ ವಿಧಿಯ ಅಗತ್ಯವೇ ಇರುತ್ತಿರಲಿಲ್ಲ.

ಆಧುನಿಕ ವಿಜ್ಞಾನ ಏನು ಹೇಳುತ್ತದೆ? ಮಡ್ಡಿಯ ರಾಳದಲ್ಲಿ ಬಾಸ್ವೆಲಿಕ್ ಆಮ್ಲಗಳೆಂಬ ದ್ರವ್ಯಗಳಿವೆ. ನಮ್ಮ ದೇಹದಲ್ಲಿ ಊತ ಉಂಟುಮಾಡುವ ಕೆಲವು ರಾಸಾಯನಿಕಗಳು ತಯಾರಾಗಲು ಬೇಕಾದ ಒಂದು ಕಿಣ್ವವನ್ನು ಇವು ತಡೆಯುತ್ತವೆಂದು 1990ರ ದಶಕದ ಆರಂಭದಲ್ಲಿ ಜರ್ಮನಿಯ ಸಂಶೋಧಕರು ಪ್ರಯೋಗಾಲಯದಲ್ಲಿ ತೋರಿಸಿದರು. 2003ರಲ್ಲಿ ನಾಗಪುರದ ವೈದ್ಯರು ಮೊಣಕಾಲಿನ ಸಂಧಿ ಸವೆತವಿದ್ದ 30 ಜನರ ಮೇಲೆ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಮಡ್ಡಿಯ ಸಾರವನ್ನು ಎಂಟು ವಾರ ತೆಗೆದುಕೊಂಡವರಲ್ಲಿ ನೋವು ಮತ್ತು ಊತ ಕಡಿಮೆಯಾಯಿತು, ನಡೆಯಬಲ್ಲ ದೂರ ಹೆಚ್ಚಿತು. ಆದರೆ ಕ್ಷ-ಕಿರಣ ಚಿತ್ರದಲ್ಲಿ ಮೂಳೆಯ ಸ್ಥಿತಿ ಬದಲಾಗಿರಲಿಲ್ಲ. 2014ರಲ್ಲಿ ಇಂತಹ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿದ ಕಾಕ್ರೇನ್ ಸಮೀಕ್ಷೆಯೂ ಮಡ್ಡಿಯ ಸಾರದಿಂದ ನೋವು ಸ್ವಲ್ಪ ಮಟ್ಟಿಗೆ ತಗ್ಗುತ್ತದೆಂದು ಹೇಳಿತು. ಅಂದರೆ ನೋವಿಗೆ ಕೊಂಚ ಸಮಾಧಾನವುಂಟು. ಸವೆದ ಕೀಲನ್ನು ಮತ್ತೆ ಕಟ್ಟಿಕೊಡುವ ಶಕ್ತಿ ಅದಕ್ಕಿದೆಯೆಂದು ಯಾರೂ ತೋರಿಸಿಲ್ಲ. ಮತ್ತೊಂದು ವಿಷಯ, ಈ ಅಧ್ಯಯನಗಳಲ್ಲಿ ಬಳಸಿದ್ದು ಅಳತೆಗೊಳಪಡಿಸಿದ ಸಾರವನ್ನು, ಮರದಿಂದ ಕಿತ್ತು ಬಾಯಿಗೆ ಹಾಕಿಕೊಂಡ ಅಂಟನ್ನಲ್ಲ. ಬಾಸ್ವೆಲಿಕ್ ಆಮ್ಲಗಳು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲವಾದ್ದರಿಂದ ಅಂಟನ್ನು ನೀರಿನಲ್ಲಿ ಕುದಿಸಿ ಕುಡಿದರೆ ಅದೇ ಫಲ ದೊರೆಯುತ್ತದೆಂದು ಭಾವಿಸುವಂತಿಲ್ಲ.

ಗುಗ್ಗುಳದ ಕತೆ ಇನ್ನೂ ಬೋಧಪ್ರದವಾದದ್ದು. 1966ರಲ್ಲಿ ಜಿ.ವಿ. ಸತ್ಯವತಿ ಎಂಬ ಸಂಶೋಧಕಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ, ಸುಶ್ರುತ ಸಂಹಿತೆಯಲ್ಲಿ ಮೇದೋರೋಗದ ಬಗ್ಗೆ ಹೇಳಿರುವುದನ್ನು ಆಧರಿಸಿ ಮೊಲಗಳ ಮೇಲೆ ಪ್ರಯೋಗ ನಡೆಸಿ, ಗುಗ್ಗುಳವು ರಕ್ತದ ಕೊಬ್ಬನ್ನು ತಗ್ಗಿಸುತ್ತದೆಂದು ತೋರಿಸಿದರು. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಮಹಾನಿರ್ದೇಶಕರಾದವರು ಇವರೇ. ಅವರ ಕೆಲಸದ ಜಾಡಿನಲ್ಲಿಯೇ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯು ಗುಗ್ಗುಳದ ಸಾರವನ್ನು ಸಿದ್ಧಪಡಿಸಿ, 1980ರ ದಶಕದಲ್ಲಿ ಅದು ಔಷಧಿಯಾಗಿ ಮಾರುಕಟ್ಟೆಗೆ ಬಂತು. ಆದರೆ 2003ರಲ್ಲಿ ಅಮೆರಿಕೆಯಲ್ಲಿ 103 ಜನರ ಮೇಲೆ ಎಂಟು ವಾರ ನಡೆದ ಪರೀಕ್ಷೆಯಲ್ಲಿ ಫಲಿತಾಂಶ ವಿರುದ್ಧವಾಗಿ ಬಂತು. ಗುಗ್ಗುಳದ ಸಾರ ತೆಗೆದುಕೊಂಡವರಲ್ಲಿ ಕೆಟ್ಟ ಕೊಬ್ಬು ತಗ್ಗುವ ಬದಲು ತುಸು ಏರಿತು. ಕೆಲವರಿಗೆ ಮೈಮೇಲೆ ದದ್ದುಗಳೆದ್ದವು. ಇದರಿಂದ ನಮ್ಮ ಪರಂಪರೆ ಸುಳ್ಳೆಂದು ತೀರ್ಮಾನಿಸಬೇಕಾಗಿಲ್ಲ. ವಿದೇಶದವರ ಪಿತೂರಿಯೆಂದು ಸಿಟ್ಟಾಗಬೇಕಾಗಿಯೂ ಇಲ್ಲ. ಒಂದು ಮದ್ದು ಕೆಲಸ ಮಾಡುತ್ತದೆಯೇ ಎಂಬುದನ್ನು ಮತ್ತೆ ಮತ್ತೆ ಪರೀಕ್ಷಿಸಬೇಕು, ಪರೀಕ್ಷೆಯ ಉತ್ತರ ನಮಗೆ ಒಪ್ಪಿಗೆಯಾಗದಿದ್ದರೂ ಕೇಳಿಸಿಕೊಳ್ಳಬೇಕು ಎಂಬುದಷ್ಟೇ ಇದರ ಪಾಠ.

ಈಗ ನನ್ನ ಮನೆಯದೇ ಒಂದು ಘಟನೆಯನ್ನು ಹೇಳುತ್ತೇನೆ. ಕಂಪ್ಲಿಯಲ್ಲಿದ್ದ ನನ್ನ ದೊಡ್ಡಮ್ಮನಿಗೆ ಹೃದಯದ ಕವಾಟದ ತೊಂದರೆಯಿತ್ತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ದಿನವೂ ತೆಗೆದುಕೊಳ್ಳುತ್ತಿದ್ದರು. ಜೀವನವಿಡೀ ಗದ್ದೆಯ ಕೆಸರಿನಲ್ಲಿ ನಾಟಿ ಮಾಡಿದವರಾದ್ದರಿಂದ ಮೊಣಕಾಲುಗಳು ಸೋತಿದ್ದವು. ಒಂದು ಜಾತ್ರೆಯಲ್ಲಿ ಯಾರೋ ಮಾರುತ್ತಿದ್ದ "ಗುಗ್ಗುಳದ ಪುಡಿ"ಯನ್ನು ಕೊಂಡುತಂದು ಬೆಳಗ್ಗೆ ಸಂಜೆ ಒಂದೊಂದು ಚಮಚ ತಿನ್ನತೊಡಗಿದರು. ನೋವು ಕಡಿಮೆಯಾಯಿತೆಂದು ಸಂತೋಷಪಟ್ಟರು. ಮೂರನೆಯ ವಾರದಲ್ಲಿ ಹಲ್ಲಿನ ವಸಡಿನಿಂದ ರಕ್ತ ಬಂತು, ತೋಳಿನ ಮೇಲೆ ನೀಲಿ ಕಲೆಗಳೆದ್ದವು. ಆಸ್ಪತ್ರೆಗೆ ಕರೆದೊಯ್ದಾಗ ವೈದ್ಯರು, "ಅಮ್ಮಾ, ನಮ್ಮ ಮಾತ್ರೆಯ ಜೊತೆ ಬೇರೆ ಏನಾದರೂ ತಗೊಂತೀರಾ?" ಎಂದು ಎರಡು ಸಲ ಕೇಳಿದರು. ದೊಡ್ಡಮ್ಮ ಎರಡು ಸಲವೂ ಇಲ್ಲವೆಂದರು. ಸುಳ್ಳು ಹೇಳುವ ಸ್ವಭಾವ ಅವರದಲ್ಲ. ಆ ಪುಡಿಯನ್ನು ಅವರು ಔಷಧಿಯೆಂದು ಎಣಿಸಿಯೇ ಇರಲಿಲ್ಲ. ರಾತ್ರಿ ನಾನು ಕೇಳಿದಾಗ, "ಗಿಡದ ಅಂಟಪ್ಪ ಅದು, ಅದ್ರಾಗ ಏನ್ ವಿಷ ಇರ್ತದ?" ಎಂದರು.

ಮರುದಿನ ಪೊಟ್ಟಣವನ್ನು ವೈದ್ಯರಿಗೆ ತೋರಿಸಿದೆವು. ಅದರ ಮೇಲೆ ಹೆಸರಿಲ್ಲ, ತಯಾರಕರ ವಿಳಾಸವಿಲ್ಲ. ಅದು ಗುಗ್ಗುಳವೋ, ಮಡ್ಡಿಯೋ, ಯಾವುದಾದರೂ ನೋವಿನ ಮಾತ್ರೆಯ ಪುಡಿಯನ್ನು ಬೆರೆಸಿದ್ದೋ ಯಾರಿಗೂ ಹೇಳಲಾಗಲಿಲ್ಲ. ಪುಡಿಯನ್ನು ನಿಲ್ಲಿಸಿ, ಮಾತ್ರೆಯ ಪ್ರಮಾಣವನ್ನು ಸರಿಪಡಿಸಿದ ಮೇಲೆ ರಕ್ತಸ್ರಾವ ನಿಂತಿತು. ದೊಡ್ಡಮ್ಮ ಬದುಕಿಕೊಂಡರು. ಆ ಪುಡಿಯೇ ಕಾರಣವೆಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಆದರೆ ಅಂದಿನಿಂದ ಈ ವಿಷಯವನ್ನು ಓದಿ ತಿಳಿದುಕೊಳ್ಳಲು ಆರಂಭಿಸಿದೆ; ಹಾಗೆ ತಿಳಿದದ್ದನ್ನು ನಿಮ್ಮ ಮುಂದಿಡುತ್ತೇನೆ.

ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಗುಗ್ಗುಳವನ್ನಾಗಲಿ ಮಡ್ಡಿಯ ಸಾರವನ್ನಾಗಲಿ ವೈದ್ಯರಿಗೆ ತಿಳಿಸದೆ ಸೇವಿಸಬಾರದು. ರಕ್ತದೊತ್ತಡ ಮತ್ತು ಹೃದಯಕ್ಕೆ ಕೊಡುವ ಪ್ರೊಪ್ರನೊಲಾಲ್, ಡಿಲ್ಟಿಯಾಜೆಮ್ ಎಂಬ ಎರಡು ಮಾತ್ರೆಗಳು ಗುಗ್ಗುಳದ ಜೊತೆ ತೆಗೆದುಕೊಂಡಾಗ ರಕ್ತಕ್ಕೆ ಸೇರುವ ಪ್ರಮಾಣ ಕಡಿಮೆಯಾಗುತ್ತದೆಂದು ಭಾರತದಲ್ಲಿಯೇ ನಡೆದ ಅಧ್ಯಯನವೊಂದು ತೋರಿಸಿದೆ. ಅಂದರೆ ಮಾತ್ರೆ ನುಂಗಿದರೂ ನುಂಗಿದ ಫಲ ಪೂರ್ತಿ ದೊರೆಯುವುದಿಲ್ಲ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಗುಗ್ಗುಳವು ಥೈರಾಯ್ಡ್ ಗ್ರಂಥಿಯನ್ನು ಚುರುಕುಗೊಳಿಸಿದ್ದು ಕಂಡುಬಂದಿದೆ; ಆದ್ದರಿಂದ ಥೈರಾಯ್ಡ್ ತೊಂದರೆಯಿರುವವರಿಗೂ ಎಚ್ಚರ ಬೇಕು. ಗರ್ಭಿಣಿಯರು ಇವೆರಡನ್ನೂ ತೆಗೆದುಕೊಳ್ಳಬಾರದು. ಮುಟ್ಟನ್ನು ಪ್ರಚೋದಿಸುವ ಮದ್ದೆಂದು ಹಳೆಯ ವೈದ್ಯ ಪರಂಪರೆಯೇ ಇವನ್ನು ಬಲ್ಲದು. ಮಡ್ಡಿಯ ಸಾರದಿಂದ ಸಾಮಾನ್ಯವಾಗಿ ಕಾಣುವ ತೊಂದರೆಗಳು ಎದೆಯುರಿ, ಹೊಟ್ಟೆನೋವು, ಭೇದಿ. ಮೈ ಕೆರೆತ ಅಥವಾ ದದ್ದು ಕಂಡರೆ ಅಂದೇ ನಿಲ್ಲಿಸಬೇಕು.

ಮತ್ತೊಂದು ಮಾತು ಗುಳಿಗೆಗಳ ಬಗ್ಗೆ. ಯೋಗರಾಜ ಗುಗ್ಗುಳು ಮತ್ತು ಮಹಾಯೋಗರಾಜ ಗುಗ್ಗುಳು ಎಂಬ ಹೆಸರುಗಳು ಕಿವಿಗೆ ಒಂದೇ ತೆರನಾಗಿ ಕೇಳಿಸಿದರೂ ಎರಡನೆಯದರಲ್ಲಿ ಸೀಸ, ತವರ ಮೊದಲಾದ ಲೋಹಗಳ ಭಸ್ಮಗಳಿರುತ್ತವೆ. ವೈದ್ಯರ ನಿಗಾ ಇಲ್ಲದೆ ಇಂತಹುದನ್ನು ತಿಂಗಳುಗಟ್ಟಲೆ ನುಂಗುವುದು ಅಪಾಯಕರ, ಮಕ್ಕಳಿಗಂತೂ ಕೊಡಲೇಬಾರದು. 2004ರಲ್ಲಿ ಅಮೆರಿಕೆಯ ಬಾಸ್ಟನ್ ನಗರದ ಅಂಗಡಿಗಳಲ್ಲಿ ಮಾರಾಟಕ್ಕಿದ್ದ, ದಕ್ಷಿಣ ಏಷ್ಯಾದಲ್ಲಿ ತಯಾರಾದ 70 ಆಯುರ್ವೇದ ಔಷಧಿಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇದ್ದದ್ದು ಬೆಳಕಿಗೆ ಬಂತು. ಪೊಟ್ಟಣದ ಮೇಲೆ ತಯಾರಿಕಾ ಪರವಾನಗಿ ಸಂಖ್ಯೆ, ಪದಾರ್ಥಗಳ ಪಟ್ಟಿ, ತಯಾರಾದ ದಿನಾಂಕ ಇವು ಮೂರೂ ಇಲ್ಲದಿದ್ದರೆ ಕೊಳ್ಳಬೇಡಿ. ಕೊಂಡದ್ದರ ಪೊಟ್ಟಣವನ್ನು ಎಸೆಯಬೇಡಿ. ಯಾವ ವೈದ್ಯರ ಬಳಿಗೆ ಹೋದರೂ ಅದನ್ನು ಜೊತೆಯಲ್ಲಿ ಕೊಂಡೊಯ್ಯಿರಿ.

ಇನ್ನು ಹೊಗೆಯ ವಿಷಯಕ್ಕೆ ಬರುತ್ತೇನೆ. ತಾಯಂದಿರು ಇದನ್ನು ಬೇಸರಿಸದೆ ಕೇಳಬೇಕೆಂದು ಪ್ರಾರ್ಥಿಸುತ್ತೇನೆ. ನಮ್ಮ ಕಡೆ ಕೂಸಿಗೆ ಎರೆದ ಮೇಲೆ ಕೆಂಡದ ಮೇಲೆ ಲೋಬಾನ ಹಾಕಿ, ಕೂಸಿನ ತಲೆಗೂ ಮೈಗೂ ಹೊಗೆ ಹಿಡಿಯುವುದು, ಬಾಣಂತಿಯ ಹೊರಸಿನ ಕೆಳಗೆ ಕೆಂಡವಿಡುವುದು ತಲೆತಲಾಂತರದ ರೂಢಿ. ಒದ್ದೆ ಕೂದಲು ಒಣಗಲಿ, ಥಂಡಿಯಾಗದಿರಲಿ, ಸೊಳ್ಳೆ ಬಾರದಿರಲಿ ಎಂಬ ಪ್ರೀತಿಯಿಂದ ಹುಟ್ಟಿದ ರೂಢಿಯದು. ಆ ಪ್ರೀತಿಯನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಆದರೆ ಯಾವ ಪವಿತ್ರ ವಸ್ತುವಿನ ಹೊಗೆಯಾದರೂ ಶ್ವಾಸಕೋಶಕ್ಕೆ ಹೊಗೆಯೇ. ಅದರಲ್ಲಿರುವ ಅತಿಸೂಕ್ಷ್ಮ ಕಣಗಳು ಕೂಸಿನ ಎಳೆಯ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಉಬ್ಬಸವಿರುವ ಮಕ್ಕಳಿಗೂ ಹಿರಿಯರಿಗೂ ಇದು ತೊಂದರೆಯನ್ನು ಹೆಚ್ಚಿಸುತ್ತದೆ.

ಅದಕ್ಕಿಂತ ಭಯಂಕರವಾದದ್ದು ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ಅನಿಲ. ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಉರಿಯುತ್ತಿದ್ದರೆ ಇಂಗಾಲದ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದು ರಕ್ತದಲ್ಲಿ ಪ್ರಾಣವಾಯುವಿನ ಜಾಗವನ್ನು ಆಕ್ರಮಿಸುತ್ತದೆ. ಮೊದಲು ತಲೆನೋವು, ತಲೆಸುತ್ತು; ಅನಂತರ ಮಂಪರು; ನಿದ್ದೆಯಲ್ಲಿದ್ದವರು ಮತ್ತೆ ಏಳದಿರಬಹುದು. ಬಾಣಂತಿಯ ಕೋಣೆಯೆಂದರೆ ನಮ್ಮಲ್ಲಿ ಗಾಳಿಯಾಡದಂತೆ ಮುಚ್ಚಿದ ಕೋಣೆ, ಅದರಲ್ಲಿಯೇ ಕೆಂಡ. ಈ ಎರಡನ್ನೂ ಒಂದೇ ಕಡೆ ಸೇರಿಸಬಾರದು. ಕೂಸನ್ನು ಒಣ ಬಟ್ಟೆಯಲ್ಲಿ ಒರೆಸಿ, ಅಮ್ಮನ ಎದೆಗೆ ಒತ್ತಿ ಹಿಡಿದರೆ ಅದಕ್ಕಿಂತ ಒಳ್ಳೆಯ ಬೆಚ್ಚಗೆ ಬೇರೊಂದಿಲ್ಲ. ಸೊಳ್ಳೆಗೆ ಪರದೆಯಿದೆ. ದೇವರ ಮುಂದೆ ಧೂಪ ಹಾಕಲೇಬೇಕೆಂದಿದ್ದರೆ ಕಿಟಕಿ ತೆರೆದು, ಚಿಟಿಕೆಯಷ್ಟು ಹಾಕಿ, ಕೂಸನ್ನು ಬೇರೆ ಕೋಣೆಯಲ್ಲಿರಿಸಿ. ಈಗ ಪೇಟೆಯಲ್ಲಿ ಬಟ್ಟಲಿನ ಆಕಾರದ ಸಾಂಬ್ರಾಣಿ ಸಿಗುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಇದ್ದಿಲ ಪುಡಿ ಮತ್ತು ಕೃತಕ ಸುಗಂಧ. ಅದು ಮದ್ದೂ ಅಲ್ಲ, ಮರದ ಧೂಪವೂ ಅಲ್ಲ.

ಇಲ್ಲಿಯವರೆಗೆ ಮನುಷ್ಯನ ಸುರಕ್ಷತೆಯನ್ನು ಕುರಿತು ಹೇಳಿದೆ. ಈಗ ಮರದ ಸುರಕ್ಷತೆ. ತೊಗಟೆಯನ್ನು ಕೆತ್ತಿದಷ್ಟೂ ಅಂಟು ಬರುತ್ತದೆ, ಆದರೆ ಮರ ತನ್ನ ಕಾಳಿಗೂ ಎಲೆಗೂ ಕೂಡಿಟ್ಟ ಶಕ್ತಿಯನ್ನೇ ಆ ಅಂಟಿಗೆ ವ್ಯಯಿಸಬೇಕು. ಆಫ್ರಿಕಾದ ಎರಿಟ್ರಿಯಾದಲ್ಲಿ ಮಡ್ಡಿಯ ಸೋದರ ಜಾತಿಯೊಂದರ ಮೇಲೆ ನಡೆದ ಅಧ್ಯಯನದಲ್ಲಿ, ಕೆತ್ತದ ಮರಗಳ ಬೀಜಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮೊಳೆತರೆ, ವಿಪರೀತ ಕೆತ್ತಿದ ಮರಗಳ ಬೀಜಗಳಲ್ಲಿ ಮೊಳೆತದ್ದು ನೂರಕ್ಕೆ 16 ಮಾತ್ರ. ಅದೇ ಜಾತಿಯ ಬಗ್ಗೆ 2019ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವು, ಪರಿಶೀಲಿಸಿದ ನೆಲೆಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚಿನವುಗಳಲ್ಲಿ ಎಳೆಯ ಮರಗಳೇ ಇಲ್ಲವೆಂದೂ, ಇಪ್ಪತ್ತು ವರ್ಷಗಳಲ್ಲಿ ಧೂಪದ ಉತ್ಪಾದನೆ ಅರ್ಧಕ್ಕೆ ಇಳಿಯಬಹುದೆಂದೂ ಎಚ್ಚರಿಸಿತು. ಬೆಂಕಿ, ಮೇವು, ಮಿತಿಯಿಲ್ಲದ ಕೆತ್ತನೆ ಇವೇ ಕಾರಣಗಳು. ನಮ್ಮ ದೇಶದ ಗುಗ್ಗುಳದ ಗತಿ ಇನ್ನೂ ಕೆಟ್ಟದ್ದು. ಹೆಚ್ಚು ಅಂಟು ಬರಲೆಂದು ಗಾಯಕ್ಕೆ ರಾಸಾಯನಿಕ ಸವರಿ, ಒಂದೇ ಹಂಗಾಮಿನಲ್ಲಿ ಹಿಂಡಿ ಗಿಡವನ್ನೇ ಸಾಯಿಸಿದ ಪರಿಣಾಮವಾಗಿ ಅದು ಇಂದು ಅಳಿವಿನ ತೀವ್ರ ಅಪಾಯದಲ್ಲಿರುವ ಸಸ್ಯಗಳ ಜಾಗತಿಕ ಪಟ್ಟಿಯಲ್ಲಿದೆ. ಒಂದು ಗುಗ್ಗುಳದ ಗಿಡ ಕೆತ್ತನೆಗೆ ಬರಲು ಎಂಟು ಹತ್ತು ವರ್ಷ ಬೇಕು. ಅದನ್ನು ಕೊಲ್ಲಲು ಒಂದು ಹಂಗಾಮು ಸಾಕು.

ಸಂಡೂರಿನಲ್ಲಿ ನಿಂತು ಕೊಡಲಿಯ ಮಾತನ್ನಷ್ಟೇ ಆಡಿದರೆ ಅರ್ಧ ಸತ್ಯವನ್ನು ಹೇಳಿದಂತೆ. ಈ ಗುಡ್ಡಗಳು ಔಷಧಿ ಸಸ್ಯಗಳ ಭಂಡಾರವೆಂಬುದನ್ನು ನಾವು ಮಾತ್ರ ಹೇಳುತ್ತಿಲ್ಲ. 1990ರ ದಶಕದಲ್ಲಿ ಅರಣ್ಯ ಇಲಾಖೆಯು ಬೆಂಗಳೂರಿನ ಎಫ್.ಆರ್.ಎಲ್.ಎಚ್.ಟಿ. ಸಂಸ್ಥೆಯೊಡನೆ ಸೇರಿ ರಾಜ್ಯದ 13 ಕಡೆ ಔಷಧಿ ಸಸ್ಯ ಸಂರಕ್ಷಣಾ ಪ್ರದೇಶಗಳನ್ನು ಗುರುತಿಸಿದಾಗ, ಆಗುಂಬೆ, ಕುದುರೆಮುಖ, ತಲಕಾವೇರಿಗಳ ಸಾಲಿನಲ್ಲಿ ಸಂಡೂರಿನ ಹೆಸರೂ ಇತ್ತು. ಮಳೆಕಾಡುಗಳ ಜೊತೆಯಲ್ಲಿ ಒಣಕಾಡಿಗೂ ಆ ಗೌರವ ದೊರೆತಿತ್ತು. ಆದರೆ ಅದಾದ ಹತ್ತು ವರ್ಷಗಳೊಳಗೆ ಕಬ್ಬಿಣದ ಅದಿರಿನ ಬೆಲೆ ಏರಿತು, ಗುಡ್ಡಗಳು ಕರಗಿದವು, ಲಾರಿಗಳ ಸಾಲಿನಿಂದ ಎದ್ದ ಕೆಂಪು ಧೂಳು ಎಲೆಗಳ ಮೇಲೆ ಕುಳಿತಿತು. ಲೋಕಾಯುಕ್ತರ 2008 ಮತ್ತು 2011ರ ವರದಿಗಳು, 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸರ್ವೋಚ್ಚ ನ್ಯಾಯಾಲಯ ನಿಲ್ಲಿಸಿದ್ದು, 2013ರಲ್ಲಿ ಅತಿ ಹೆಚ್ಚು ಅಕ್ರಮವೆಸಗಿದ 'ಸಿ' ವರ್ಗದ ಗುತ್ತಿಗೆಗಳು ರದ್ದಾದದ್ದು, ಇವೆಲ್ಲ ನಿಮಗೆ ತಿಳಿದ ಚರಿತ್ರೆ. ಚರಿತ್ರೆ ಅಲ್ಲಿಗೆ ಮುಗಿಯಲಿಲ್ಲ. 2024ರಲ್ಲಿ ದೇವದಾರಿ ಗುಡ್ಡದ ಸುಮಾರು 401 ಹೆಕ್ಟೇರ್ ಅರಣ್ಯದಲ್ಲಿ ಗಣಿಗಾರಿಕೆಗೆ ಕೇಂದ್ರದ ಹಸಿರು ನಿಶಾನೆ ದೊರೆತು, ಸುಮಾರು 99 ಸಾವಿರ ಮರಗಳು ಹೋಗುತ್ತವೆಂಬ ಲೆಕ್ಕ ಹೊರಬಂದಾಗ ಜನರು ಬೀದಿಗಿಳಿದರು. ಅರಣ್ಯ ಭೂಮಿಯನ್ನು ಹಸ್ತಾಂತರಿಸಬಾರದೆಂದು ಆ ವರ್ಷದ ಜೂನ್‌ನಲ್ಲಿ ರಾಜ್ಯದ ಅರಣ್ಯ ಸಚಿವರು ಸೂಚಿಸಿದರು.

99 ಸಾವಿರ ಎಂಬುದು ಒಂದು ಸಂಖ್ಯೆ. ಅದರಲ್ಲಿ ಮಡ್ಡಿ ಎಷ್ಟು, ದಿಂಡಿಗ ಎಷ್ಟು, ಕಮರ ಎಷ್ಟು ಎಂದು ನಮ್ಮ ಊರಿನವರು ಹೇಳಬಲ್ಲರೇ? ನಾವು ಹೇಳಲಾರದ್ದನ್ನು ಬೇರೆಯವರು "ಕುರುಚಲು ಕಾಡು" ಎಂಬ ಎರಡು ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಎಲೆಯುದುರಿಸಿದ ಮಡ್ಡಿಯನ್ನು ಬೇಸಿಗೆಯಲ್ಲಿ ನೋಡಿದವರಿಗೆ ಅದು ಒಣಮರ. ಆ ಒಣ ಕೊಂಬೆಯ ತುದಿಯಲ್ಲಿಯೇ ಅದು ಹೂಬಿಡುತ್ತದೆ ಎಂಬುದು ಹತ್ತಿರದಿಂದ ಬಲ್ಲವರಿಗೆ ಮಾತ್ರ ಗೊತ್ತು. ಗಣಿಯ ಮಣ್ಣಿನ ರಾಶಿಯ ಮೇಲೆ ಬೇಗ ಬೆಳೆಯುವ ಒಂದೆರಡು ಜಾತಿಯ ಸಸಿಗಳನ್ನು ನೆಟ್ಟು ಹಸಿರು ಮಾಡಬಹುದು. ಆದರೆ ನಿಧಾನವಾಗಿ ಬೆಳೆಯುವ ಮಡ್ಡಿಯ ಕಾಡು ಅದರಿಂದ ಮರಳಿ ಬರುವುದಿಲ್ಲ.

ಹಾಗಾದರೆ ನಾವೇನು ಮಾಡಬೇಕು? ನಾಲ್ಕು ಕೆಲಸಗಳನ್ನು ಸೂಚಿಸುತ್ತೇನೆ.

ಮೊದಲನೆಯದು, ದಾಖಲೆ. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಗ್ರಾಮ ಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ನಿಮ್ಮ ಪಂಚಾಯತಿಗೆ ಹೋಗಿ ಆ ಪುಸ್ತಕವನ್ನು ತೋರಿಸಿರೆಂದು ಕೇಳಿ. ಅದರಲ್ಲಿ ಮಡ್ಡಿಯ ಹೆಸರಿಲ್ಲದಿದ್ದರೆ ವಿದ್ಯಾರ್ಥಿಗಳು ಹಿರಿಯರ ಜೊತೆ ಗುಡ್ಡ ಹತ್ತಿ, ಎಲ್ಲಿ, ಎಷ್ಟು, ಎಳೆಯ ಸಸಿಗಳಿವೆಯೇ ಎಂದು ಬರೆದು ಸೇರಿಸಲಿ.

ಎರಡನೆಯದು, ಕಾಯುವುದು ಮತ್ತು ಬೆಳೆಸುವುದು. ಬೇಸಿಗೆಯ ಕಾಡ್ಗಿಚ್ಚು ಎಳೆಯ ಸಸಿಗಳ ಮೊದಲ ಶತ್ರು. ಬೆಂಕಿ ಬೀಳದಂತೆ ನೋಡಿಕೊಳ್ಳುವುದು ಸಾವಿರ ಸಸಿ ನೆಡುವುದಕ್ಕೆ ಸಮ. ಮಡ್ಡಿಯೂ ಗುಗ್ಗುಳವೂ ಕೊಂಬೆಯ ತುಂಡುಗಳಿಂದ ಚಿಗುರಬಲ್ಲವು. ಮಳೆಗಾಲದ ಮುನ್ನ ಹೊಲದ ಬದುವಿನಲ್ಲಿ, ಶಾಲೆಯ ಬೇಲಿಯಲ್ಲಿ ನೆಟ್ಟು ನೋಡಬಹುದು. ಗುಡ್ಡದ ಮರದ ಕೊಂಬೆಯನ್ನು ಮಾತ್ರ ಅರಣ್ಯ ಇಲಾಖೆಯವರನ್ನು ಕೇಳಿಯೇ ತರಬೇಕು.

ಮೂರನೆಯದು, ಕೆತ್ತನೆಯ ಮಿತಿ. ಅರಣ್ಯ ಹಕ್ಕು ಕಾಯಿದೆಯು 2006ರಲ್ಲಿ ಕಾಡನ್ನು ಅವಲಂಬಿಸಿ ಬದುಕುವ ಸಮುದಾಯಗಳಿಗೆ ಕಿರು ಅರಣ್ಯ ಉತ್ಪನ್ನದ ಮೇಲೆ ಹಕ್ಕನ್ನು ಮಾನ್ಯ ಮಾಡಿತು. ಹಕ್ಕಿನ ಜೊತೆಯಲ್ಲಿಯೇ ಹೊಣೆಯೂ ಇದೆ. ಎಳೆಯ ಮರವನ್ನು ಮುಟ್ಟದೆ, ಕೆತ್ತಿದ ಮರಕ್ಕೆ ವಿಶ್ರಾಂತಿ ಕೊಡದೆ ಮತ್ತೆ ಕೆತ್ತದೆ, ರಾಸಾಯನಿಕ ಸವರದೆ ಸಂಗ್ರಹಿಸುವ ನಿಯಮವನ್ನು ಗ್ರಾಮಸಭೆಯೇ ಮಾಡಿಕೊಳ್ಳಲಿ. ತಾನಾಗಿ ಒಸರಿದ ಅಂಟು ಮನೆಯ ಧೂಪಕ್ಕೆ ಸಾಕು.

ನಾಲ್ಕನೆಯದು, ಮನೆಯ ಕೆಲಸ. ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಅಜ್ಜಿ ತಾತಂದಿರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಡಾಕ್ಟರ ಮಾತ್ರೆಯಲ್ಲದೆ ಬೇರೇನು ತೆಗೆದುಕೊಳ್ಳುತ್ತಾರೆಂದು ಕೇಳಿ. "ಔಷಧಿ" ಎಂದು ಕೇಳಬೇಡಿ. "ಪುಡಿ, ಅಂಟು, ಕಷಾಯ, ಎಣ್ಣೆ" ಎಂದು ಒಂದೊಂದಾಗಿ ಹೆಸರು ಹಿಡಿದು ಕೇಳಿ. ಗದರಬೇಡಿ, ಕಸಿದುಕೊಳ್ಳಬೇಡಿ. ಒಂದು ಚೀಟಿಯಲ್ಲಿ ಬರೆದು, ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಜೊತೆಯಲ್ಲಿ ಕೊಂಡುಹೋಗಿ. ನನ್ನ ದೊಡ್ಡಮ್ಮನನ್ನು ನಾವು ಮೊದಲೇ ಹೀಗೆ ಕೇಳಿದ್ದರೆ ಆ ಮೂರು ವಾರಗಳು ಕಳೆಯುತ್ತಿರಲಿಲ್ಲ.

ಬೆಳಗ್ಗೆ ಪ್ರಶ್ನೆ ಕೇಳಿದ ವಿದ್ಯಾರ್ಥಿಗೆ ನನ್ನ ಉತ್ತರ ಇಷ್ಟು. ಅದು ಗುಗ್ಗುಳವಲ್ಲ, ಮಡ್ಡಿ. ಅಜ್ಜಿಯ ಮೊಣಕಾಲಿಗೆ ಅದರ ಸಾರದಿಂದ ಸ್ವಲ್ಪ ಸಮಾಧಾನ ಸಿಗಬಹುದು, ಆದರೆ ಯಾವುದು, ಎಷ್ಟು, ಯಾವ ಮಾತ್ರೆಯ ಜೊತೆ ಎಂಬುದನ್ನು ವೈದ್ಯರನ್ನು ಕೇಳಿಯೇ ತೀರ್ಮಾನಿಸಬೇಕು. ಅಜ್ಜಿ ತಿನ್ನುತ್ತಿರುವುದು ಈ ಎರಡರಲ್ಲಿ ಯಾವುದೆಂದು ಇಂದು ಸಂಜೆಯೇ ಪೊಟ್ಟಣ ತೆಗೆದು ನೋಡು. ಮುಂದಿನ ವರ್ಷದ ಶಿಬಿರಕ್ಕೆ ಬರುವಾಗ, ನಿಮ್ಮ ಊರಿನ ಗುಡ್ಡದಲ್ಲಿ ಮಡ್ಡಿಯ ಎಳೆಯ ಸಸಿಗಳು ಎಷ್ಟಿವೆಯೆಂದು ಎಣಿಸಿಕೊಂಡು ಬಾ.